ಮಿಂಚುಳ್ಳಿಗೆ ವಿಷ ಇಟ್ಟವರು ಯಾರು?

ಬೆಳಿಗ್ಗೆ ಕಸ ಗುಡಿಸೋಕೆ ಹೋದ ಕಾಟೇಜ್ ಅಕ್ಕ ಪೊರಕೆ ಹಿಡಿದುಕೊಂಡೇ ನಿಂತುಬಿಟ್ಟಳು. ಮೂರನೇ ಕಾಟೇಜಿನ ಜಗುಲಿ ಕೆಳಗೆ ಒಂದು ಮಿಂಚುಳ್ಳಿ ಸತ್ತು ಬಿದ್ದಿತ್ತು. ಗಾಯ ಇಲ್ಲ, ರಕ್ತ ಇಲ್ಲ. ಹೋದ ವಾರ ಅದೇ ಜಾಗದಲ್ಲಿ ಒಂದು ಹಸಿರು ಪಾರಿವಾಳ ಬಿದ್ದಿತ್ತು. ಅದಕ್ಕೂ ಮುಂಚೆ ಹೆಬ್ಬೆರಳುದ್ದದ ಒಂದು ಸೂರಕ್ಕಿ.

ನದಿ ದಂಡೆಯ ಈ ನಾಲ್ಕು ಕಾಟೇಜುಗಳನ್ನು ನಡೆಸೋದು ಅಕ್ಕ ಮತ್ತು ಅವಳ ಗಂಡ. ಗಂಡ ಬಡಗಿ. ಮಂಚದಿಂದ ಹಿಡಿದು ಕಿಟಕಿವರೆಗೆ ಎಲ್ಲಾ ಅವನ ಕೈಕೆಲಸ. ಪಕ್ಕದ ಹೊಂಡದಲ್ಲಿ ಮೀನು ಸಾಕೋದು ಮೈದುನ. ಅತಿಥಿಗಳಲ್ಲಿ ಅರ್ಧ ಜನ ಬರೋದೇ ಹಕ್ಕಿ ನೋಡೋಕೆ.

ಅಕ್ಕನ ಕಣ್ಣು ಹೊಂಡದ ಕಡೆ ತಿರುಗಿತು. ಮರಿಮೀನು ಹೊತ್ತೊಯ್ಯೋ ಮಿಂಚುಳ್ಳಿ ಕಂಡರೆ ಮೈದುನನಿಗೆ ಮೈಯೆಲ್ಲಾ ಉರಿ. "ಇವುಗಳಿಗೆ ಒಂದು ಗತಿ ಕಾಣಿಸ್ತೀನಿ" ಅಂತ ಮೊನ್ನೆ ತಾನೇ ಕೂಗಾಡಿದ್ದ. ಅವನ ಶೆಡ್ಡಿನಲ್ಲಿ ಬಿಳಿ ಪುಡಿಯ ಒಂದು ಚೀಲ ಬೇರೆ ಇತ್ತು. ಅಕ್ಕ ಅದನ್ನು ಕಣ್ಣಾರೆ ಕಂಡಿದ್ದಳು.

"ರೀ, ನಿಮ್ಮ ತಮ್ಮ ಹಕ್ಕಿಗಳಿಗೆ ವಿಷ ಇಡ್ತಿದ್ದಾನೆ."

"ಹುಚ್ಚಾ ನಿಂಗೆ? ಪಾರಿವಾಳ ಮೀನು ತಿನ್ನುತ್ತಾ?"

"ಕಾಳಿಗೆ ಬೆರೆಸಿಟ್ಟಿರ್ತಾನೆ."

ಅನುಮಾನ ಗಂಡನ ತಲೆಗೂ ಹೊಕ್ಕಿತು. ಆದರೆ ಇಬ್ಬರೂ ಮೈದುನನ ಹತ್ತಿರ ಹೋಗಿ ಬಾಯಿಬಿಟ್ಟು ಕೇಳಲಿಲ್ಲ. ಅಕ್ಕ ಅವನು ಕಳಿಸಿದ ಮೀನನ್ನು ಅಡುಗೆಮನೆಗೆ ಸೇರಿಸಲಿಲ್ಲ, ಹಾಗೇ ವಾಪಸ್ ಕಳಿಸಿದಳು. ಅವನು ಹೊಂಡದ ದಂಡೆಯಲ್ಲಿ ಬಗ್ಗಿದರೆ ಸಾಕು, ಇವಳು ಪರದೆ ಸರಿಸಿ ಇಣುಕಿ ನೋಡೋಳು.

ಎರಡನೇ ದಿನ ಅವನೇ ಬಂದ. "ಅತ್ತಿಗೆ, ಮೀನು ಯಾಕೆ ವಾಪಸ್ ಬಂತು?"

"ನಿನ್ನ ಕೈ ಎಲ್ಲೆಲ್ಲಿ ಆಡುತ್ತೋ ಯಾರಿಗೆ ಗೊತ್ತು? ಸತ್ತ ಹಕ್ಕಿಗಳನ್ನೇ ಕೇಳಬೇಕು."

ಅವನ ಮುಖ ಕಪ್ಪಿಟ್ಟಿತು. ಅಣ್ಣನ ಕಡೆ ನೋಡಿದ. ಅಣ್ಣ ಮರಕ್ಕೆ ಉಜ್ಜುಗೊರಡು ಹಾಕ್ತಾ ತಲೆ ಎತ್ತಲಿಲ್ಲ. ಅವತ್ತು ಮಧ್ಯಾಹ್ನವೇ ಮೈದುನ ಬಲೆ, ಬಟ್ಟೆ ದೋಣಿಗೆ ಹಾಕಿಕೊಂಡು ಆಚೆ ದಡದ ಗೆಳೆಯನ ಮನೆಗೆ ಹೊರಟುಹೋದ. ಆ ಜಗಳ ಕೇಳಿಸಿಕೊಂಡಿದ್ದ ಅತಿಥಿ ದಂಪತಿ "ಇಲ್ಲಿ ಯಾರೋ ವಿಷ ಇಡ್ತಾರಂತೆ" ಅಂತ ಪಿಸುಗುಟ್ಟಿಕೊಂಡು ಒಂದು ದಿನ ಮುಂಚೆಯೇ ಪೆಟ್ಟಿಗೆ ಕಟ್ಟಿದರು.

ಮಾರನೇ ದಿನ ಮತ್ತೊಂದು ಮಿಂಚುಳ್ಳಿ ಬಿತ್ತು. ಮೈದುನ ಊರಲ್ಲೇ ಇಲ್ಲ! ಅಕ್ಕ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಹಕ್ಕಿಯನ್ನ ಎತ್ತಿ, ಡಬ್ಬಿಯಲ್ಲಿಟ್ಟು, ಪಶು ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಒಯ್ದಳು.

ಡಾಕ್ಟರಮ್ಮ ಕತ್ತರಿಸಿ ನೋಡಿ ಹೇಳಿದರು: "ವಿಷ ತಿಂದ ಲಕ್ಷಣ ಕಾಣಲ್ಲ ಅಕ್ಕ. ತಲೆಗೆ ಜೋರು ಪೆಟ್ಟು ಬಿದ್ದಿದೆ."

"ಹಾಗಾದ್ರೆ ಕವಣೆ ಕಲ್ಲು! ರಾತ್ರೋರಾತ್ರಿ ದೋಣಿಯಲ್ಲಿ ಬಂದು ಹೊಡೆದು ಹೋಗಿರ್ತಾನೆ."

ಡಾಕ್ಟರಮ್ಮನಿಗೆ ನಗು ತಡೆಯೋಕಾಗಲಿಲ್ಲ. "ಮೊದಲು ನಿಮ್ಮ ಕಾಟೇಜು ತೋರಿಸಿ."

ಬಂದವರು ಒಳಗೆ ಕಾಲಿಡಲಿಲ್ಲ. ನದಿ ಕಡೆ ಹೋಗಿ, ಕಾಟೇಜಿನತ್ತ ತಿರುಗಿ ನಿಂತರು. "ಆ ಕಿಟಕಿಯಲ್ಲಿ ಏನು ಕಾಣ್ತಿದೆ, ಹೇಳಿ."

ಬಡಗಿ ಹೆಮ್ಮೆಯಿಂದ ಹೇಳಿದ, "ನೆಲದಿಂದ ಸೂರಿನವರೆಗೆ ಒಂದೇ ಗಾಜು. ನಾನೇ ಕೂರಿಸಿದ್ದು. ಎರಡು ತಿಂಗಳಾಯ್ತು."

"ಗಾಜು ಬಿಡಿ. ಗಾಜಿನಲ್ಲಿ ಏನಿದೆ?"

ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ಅತ್ತಿಮರ ಇತ್ತು. ಆಕಾಶ ಇತ್ತು. ಹರಿಯೋ ನದಿನೂ ಇತ್ತು.

"ಹಕ್ಕಿಗೂ ಅದೇ ಕಾಣೋದು. ಮರ ಇದೆ ಅಂತ ಹಾರಿ ಬಂದು ಗುದ್ದಿಕೊಳ್ಳುತ್ತೆ."

"ಸುಮ್ಮನಿರಿ ಡಾಕ್ಟರಮ್ಮ," ಬಡಗಿ ತಲೆ ಕೊಡವಿದ. "ನೀರೊಳಗಿನ ಮೀನು ಕಾಣೋ ಕಣ್ಣಿಗೆ ಇಷ್ಟಗಲ ಗಾಜು ಕಾಣಲ್ವಾ?"

"ನಾಳೆ ಬೆಳಿಗ್ಗೆ ಇಲ್ಲೇ ಕೂತು ನೋಡಿ."

ಗಂಡ ಹೆಂಡತಿ ಮಾರನೇ ಬೆಳಿಗ್ಗೆ ಅತ್ತಿಮರದ ಕೆಳಗೆ ಚಹಾ ಲೋಟ ಹಿಡಿದು ಕೂತರು. ಆಚೆ ದಡದಿಂದ ದೋಣಿ ಏನಾದ್ರೂ ಬರುತ್ತಾ ಅಂತ ಅಕ್ಕ ಆಗಲೂ ಕದ್ದು ನೋಡ್ತಿದ್ದಳು. ಅಷ್ಟರಲ್ಲಿ ಹಸಿರು ಪಾರಿವಾಳವೊಂದು ನೇರವಾಗಿ ಹಾರಿಬಂತು. ಧಡ್! ಚಹಾ ಲೋಟ ಅಲ್ಲೇ ಬಿತ್ತು.

ಹಕ್ಕಿಗೆ ಉಸಿರಿತ್ತು. ಡಾಕ್ಟರಮ್ಮನಿಗೆ ಫೋನ್ ಮಾಡಿದರು. "ನೀರು ಕುಡಿಸಬೇಡಿ, ಪದೇಪದೇ ಮುಟ್ಟಬೇಡಿ. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಿ. ಸದ್ದಿಲ್ಲದ ಜಾಗದಲ್ಲಿ ಒಂದು ಗಂಟೆ ಬಿಡಿ," ಅಂದರು. ಗಂಟೆ ಕಳೆದ ಮೇಲೆ ಹೊರಗೆ ತಂದು ಮುಚ್ಚಳ ತೆಗೆದರೆ, ಪುರ್ರ್ ಅಂತ ಹಾರಿಹೋಯ್ತು. ಗಾಜಿನ ಮೇಲೆ ರೆಕ್ಕೆಯ ಧೂಳಿನ ಗುರುತು ಮಾತ್ರ ಅಚ್ಚೊತ್ತಿದ ಹಾಗೆ ಉಳಿದಿತ್ತು.

ಬಡಗಿ ಬಹಳ ಹೊತ್ತು ಆ ಗುರುತನ್ನೇ ನೋಡಿದ. "ನಾನು ಮಾಡಿದ ಕೆಲಸಕ್ಕೆ ತಮ್ಮನ ಮೇಲೆ ಗೂಬೆ ಕೂರಿಸಿದ್ವಲ್ಲೇ," ಅಂದ.

ಅಕ್ಕ ತಾನೇ ದೋಣಿ ಹತ್ತಿ ಆಚೆ ದಡಕ್ಕೆ ಹೋದಳು. ಮೈದುನ ಬಲೆ ಬಿಡಿಸ್ತಾ ಕೂತಿದ್ದ.

"ತಪ್ಪಾಯ್ತಪ್ಪ. ಹಕ್ಕಿ ಕೊಂದಿದ್ದು ನಮ್ಮ ಕಿಟಕಿ. ಆದ್ರೂ ಕೇಳ್ತೀನಿ, ಆ ಬಿಳಿ ಪುಡಿ ಏನು?"

"ಸುಣ್ಣ, ಅತ್ತಿಗೆ. ಹೊಂಡದ ನೀರು ಕೆಡದ ಹಾಗೆ ಹಾಕೋದು. ಅವತ್ತೇ ಕೇಳಿದ್ರೆ ಅವತ್ತೇ ಹೇಳ್ತಿದ್ದೆ."

ಅವನು ಇನ್ನಷ್ಟು ಹೊತ್ತು ಬಲೆ ಬಿಡಿಸಿದ. ಆಮೇಲೆ ಎದ್ದು ದೋಣಿಯ ಹುಟ್ಟು ತಾನೇ ತಗೊಂಡ. "ಸರಿದು ಕೂತ್ಕೊಳ್ಳಿ. ನೀವು ಹುಟ್ಟು ಹಾಕಿದ್ರೆ ಸಂಜೆಗೂ ಮನೆ ಮುಟ್ಟಲ್ಲ."

ಅಣ್ಣ ತಮ್ಮ ಸೇರಿ ನಾಲ್ಕೂ ಕಾಟೇಜಿನ ಗಾಜಿಗೆ ಬಿಳಿ ಬಣ್ಣದ ಚುಕ್ಕಿ ಇಟ್ಟರು. ಆಮೇಲೆ ಎರಡು ತಿಂಗಳಲ್ಲಿ ಆ ಜಗುಲಿ ಕೆಳಗೆ ಒಂದು ಹಕ್ಕಿಯೂ ಬಿದ್ದಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ದೊಡ್ಡ ಕಿಟಕಿಯನ್ನೂ ಇವತ್ತೇ ಹೊರಗೆ ನಿಂತು ನೋಡಿ. ಅದರಲ್ಲಿ ಮರವೋ ಆಕಾಶವೋ ಕಂಡರೆ ಗಾಜಿನ ಹೊರಮೈಗೆ ಚುಕ್ಕಿ ಇಡಿ, ಇಲ್ಲವೇ ಗೆರೆ ಎಳೆಯಿರಿ. ನಡುವೆ ಮೂರು ಬೆರಳಗಲಕ್ಕಿಂತ ಹೆಚ್ಚು ಜಾಗ ಬಿಡಬೇಡಿ. ಒಂದೇ ಒಂದು ಚಿತ್ರ ಅಂಟಿಸಿದರೆ ಸಾಲದು. ಹಕ್ಕಿಗಳು ಗುಂಪುಗುಂಪಾಗಿ ಸತ್ತಿದ್ದರೆ ಮಾತ್ರ ಮುಟ್ಟಲೇಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಮತ್ತೆ, ನೆರೆಯವರ ಮೇಲೆ ಬೆರಳು ತೋರಿಸೋ ಮುಂಚೆ ಅದೇ ಬೆರಳನ್ನು ಬಣ್ಣದಲ್ಲಿ ಅದ್ದಿ, ನಿಮ್ಮ ಗಾಜಿನ ಮೇಲೆ ಒಂದು ಚುಕ್ಕಿ ಇಡಿ.