ಬೀಗರ ಮುಂದೆ ಕೂಗಿದ ಹರಾಜು

ಚರ್ಚಿನ ಸುಗ್ಗಿ ಹಬ್ಬದ ಹರಾಜು ನಡೆಸಲು ಈ ಸಲವೂ ತಿಯಾಮ್ಸಾಳೇ ನಿಲ್ಲಬೇಕೆಂದು ಹೇಳಲು ಸಭೆಯ ಹಿರಿಯ ಮಂಗಾತಸ್ ಬಂದಾಗ ಅವಳು ಅಂಗಳದಲ್ಲಿ ಈರುಳ್ಳಿ ಹರಡುತ್ತಿದ್ದಳು. ಕೂತುಕೊಳ್ಳಿ ಎನ್ನುವುದನ್ನೂ ಮರೆತಳು.

“ಹೋದ್ ವರ್ಷ ನಿಮ್ ಬಾಯಿಂದ್ಲೇ ಚರ್ಚಿನ ಸೂರು ಎದ್ದಿದ್ದು, ಇನಾಂಗ್,” ಅಂದ ಅವನು. ಅಲ್ಲಿ ತಾಯಿಯಂಥವರನ್ನು ಹಾಗೆ ಕರೆಯುತ್ತಾರೆ, ತಂದೆಯಂಥವರನ್ನು ಅಮಾಂಗ್ ಎಂದು. “ಈ ವರ್ಷ ಗಂಟೆ ಗೋಪುರ. ಯಾರ ಜೇಬು ಎಲ್ಲಿ ಹೊಲಿದಿದೆ ಅಂತ ನಿಮ್ಮಷ್ಟು ಇನ್ಯಾರಿಗೆ ಗೊತ್ತು?”

ಅವನು ಹೊಗಳಿದ್ದೇ ಹೌದು. ತಿಯಾಮ್ಸಾ ಮಾತ್ರ ಮತ್ತೆ ಈರುಳ್ಳಿಗೆ ಬಗ್ಗಿದಳು. ನಾಳೆ ಹೇಳುತ್ತೇನೆ ಎಂದು ಕಳಿಸಿದಳು.

ಸಮೋಸಿರ್ ದ್ವೀಪದ ಆ ಊರಿನಲ್ಲಿ ಹಬ್ಬದ ಹರಾಜೆಂದರೆ ವ್ಯಾಪಾರವಲ್ಲ. ಒಂದು ಬೇಯಿಸಿದ ಕೋಳಿಗೆ ಹತ್ತು ಕೋಳಿಯ ಬೆಲೆ ಕೂಗುತ್ತಾರೆ. ಹಣ ದೇವರ ಕೆಲಸಕ್ಕೆ, ಕೂಗಿದವನ ಹೆಸರು ಮೈಕಿನಲ್ಲಿ. ಹೆಣ್ಣು ಕೊಟ್ಟ ಮನೆಯವರು ಎದುರಿಗೆ ಕೂತಿದ್ದರಂತೂ ಅಳಿಯನಾದವನು ತಲೆ ತಗ್ಗಿಸಿರಬೇಕು, ಕೈ ಮಾತ್ರ ಎತ್ತಿರಬೇಕು. ತಿಯಾಮ್ಸಾಳ ಜಾಣತನವೆಲ್ಲ ಇದ್ದದ್ದು ಅಲ್ಲೇ. ಯಾರ ಬೀಗರು ಯಾವ ಬೆಂಚಿನಲ್ಲಿದ್ದಾರೆ ಎಂದು ಮೊದಲೇ ನೋಡಿಟ್ಟುಕೊಳ್ಳುತ್ತಿದ್ದಳು.

ಹೋದ ವರ್ಷ ಜಬಾಂಗುನ್ ಕಂಬದ ಮರೆಗೆ ನಿಂತಿದ್ದ. ಸರೋವರದ ಆಚೆ ದಡಕ್ಕೆ ಜನರನ್ನೂ ಈರುಳ್ಳಿ ಮೂಟೆಗಳನ್ನೂ ಸಾಗಿಸುವ ದೋಣಿಯವನು, ಮಾತು ಕಡಿಮೆ. ಅವನ ಹೆಂಡತಿಯ ಅಣ್ಣ ಸಿಹೋಲ್, ಸಿಯಾಂತಾರ್ ಪಟ್ಟಣದಿಂದ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದ. ತಿಯಾಮ್ಸಾ ಬೆಲ್ಲದ ಕಡುಬಿನ ತಟ್ಟೆ ಎತ್ತಿ ಹಿಡಿದಳು.

“ಜಬಾಂಗುನ್ ಅಮಾಂಗ್, ಆ ಕಂಬಾನ ನೀವೇ ಹೊತ್ಕೊಂಡಿದ್ದೀರಾ? ಬಿಡಿ ಬಿಡಿ, ಬೀಳಲ್ಲ! ನಿಮ್ ಭಾವ ಅಷ್ಟು ದೂರದಿಂದ ಬಂದವ್ರೆ. ತಂಗೀನ ಬರಿಗೈಯೋನಿಗೆ ಕೊಟ್ಬಿಟ್ವಲ್ಲಾ ಅಂದ್ಕೊಂಡು ವಾಪಸ್ ಹೋಗ್ಬೇಕಾ ಅವರು?”

ಜನ ಬಿದ್ದು ಬಿದ್ದು ನಕ್ಕರು. ಸಿಹೋಲನೂ ನಕ್ಕ. ಜಬಾಂಗುನ್ ನಗಲಿಲ್ಲ. ಕೈ ಎತ್ತಿ ಐವತ್ತು ಲಕ್ಷ ರೂಪಿಯಾ ಎಂದ. ಎರಡು ಕೊಬ್ಬಿದ ಹಂದಿಗಳ ಬೆಲೆ ಅದು. ಚಪ್ಪಾಳೆಯೋ ಚಪ್ಪಾಳೆ.

ತಿಂಗಳು ಕಳೆದ ಮೇಲೆ ಅವಳು ದಡಕ್ಕೆ ಹೋದಾಗ ಅವನ ದೋಣಿಯಲ್ಲಿ ಇಂಜಿನ್ ಇರಲಿಲ್ಲ; ಕೂಗಿದ ಹಣ ಕಟ್ಟಲು ಮಾರಿದ್ದ. ಗಂಡ ಒಂದು ಹುಟ್ಟು, ಹೆಂಡತಿ ಲಾಮ್ತಿಯುರ್ ಒಂದು ಹುಟ್ಟು ಹಿಡಿದಿದ್ದರು. ಜನ ಆಗಲೇ ಬೇರೆ ದೋಣಿಗಳಿಗೆ ಹತ್ತುತ್ತಿದ್ದರು.

ಯಾರೂ ತಿಯಾಮ್ಸಾಳನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಭಾನುವಾರ ಆ ಹೊಸ ಸೂರಿನ ಕೆಳಗೆ ಕೂತರೆ ಅವಳಿಗೆ ಕಣ್ಣೆತ್ತಲಾಗುತ್ತಿರಲಿಲ್ಲ.

ಮಂಗಾತಸ್ ಹೋದ ಮೇಲೆ ಅವಳು ಈರುಳ್ಳಿ ಮಾರಿದ ಹಣವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ದಡಕ್ಕೆ ನಡೆದಳು. ಲಾಮ್ತಿಯುರ್ ಮಗುಚಿಟ್ಟ ದೋಣಿಯ ಬಿರುಕಿಗೆ ಡಾಂಬರು ಬಳಿಯುತ್ತಿದ್ದಳು.

“ಎಡಾ, ಇದನ್ನ ಇಟ್ಕೊ,” ಅಂದಳು ತಿಯಾಮ್ಸಾ, ನಾದಿನಿಯನ್ನು ಕರೆಯುವ ಹಾಗೆ. “ಇಂಜಿನ್ನಿಗೆ.”

“ಚರ್ಚಿನೋರು ವಾಪಸ್ ಕೊಡ್ತಿದ್ದಾರಾ?”

“ಇಲ್ಲ, ನಾನು.”

“ನಮ್ ಮನೆಯೋರು ದೇವರಿಗೆ ಕೊಟ್ರು, ಎಡಾ. ಹಂಗಂದ್ಕೊಂಡೇ ದಿನಾ ಹುಟ್ಟು ಹಾಕ್ತಾರೆ. ನೀನು ದುಡ್ಡು ತಂದ್ರೆ ಅವರು ಮೋಸ ಹೋದ್ರು ಅಂತಾಯ್ತು. ಇಂಜಿನ್ ಹೋಯ್ತು, ಆ ಸಮಾಧಾನಾನೂ ಕಿತ್ಕೊಳಕ್ಕೆ ಬಂದ್ಯಾ?”

“ಹಂಗಾದ್ರೆ ಹಬ್ಬದ ದಿನ ಎಲ್ಲರ ಮುಂದೆ ತಪ್ಪು ಒಪ್ಕೊತೀನಿ. ನಾನು ಮಾಡಿದ್ದು ಪಾಪ ಅಂತೀನಿ.”

ಲಾಮ್ತಿಯುರ್ ಕುಂಚ ಕೆಳಗಿಟ್ಟಳು. “ಒಂದ್ಸಲ ಬಾಯಿ ಬಿಟ್ಟೆ, ಹಿಂಗಾಯ್ತು. ಇನ್ನೊಂದ್ಸಲ ಬಿಟ್ರೆ ಊರೆಲ್ಲಾ ನಮ್ ಮುಖ ನೋಡತ್ತೆ. ನಿನ್ನೆದೆ ಹಗುರ ಆಗ್ಲಿ ಅಂತ ನಮ್ಮನ್ನ ಮತ್ತೆ ಮೈಕಲ್ಲಿ ಕೂಗ್ಬೇಡ.”

ತಿಯಾಮ್ಸಾ ಅರ್ಧ ದಾರಿಯಲ್ಲಿ ಒಂದು ಕಲ್ಲಿನ ಮೇಲೆ ಕೂತುಬಿಟ್ಟಳು. ಲಾಮ್ತಿಯುರ್ ಅಂದದ್ದು ನಿಜ. ತನಗೆ ಬೇಕಾಗಿದ್ದದ್ದು ಹಗುರವಾಗುವುದೇ. ಅಳು ಬಂತು. ಅಳುವುದೂ ತನ್ನ ಸುಖಕ್ಕೇ ಅನ್ನಿಸಿ ನುಂಗಿಕೊಂಡಳು. ಹರಾಜಿಗೆ ನಿಲ್ಲುವುದಿಲ್ಲ ಎಂದುಬಿಡಬಹುದಿತ್ತು. ಆದರೆ ತಾನಲ್ಲದಿದ್ದರೆ ತನ್ನಂಥದೇ ಇನ್ನೊಂದು ಬಾಯಿ. ಊರಿನ ಬಾಯಿಗಳಿಗೆಲ್ಲ ಈ ವಿದ್ಯೆ ಕಲಿಸಿದವಳು ತಾನೇ ಅಲ್ಲವೇ? ಮಾರನೆಯ ದಿನ ಹೋಗಿ, ನಿಲ್ಲುತ್ತೇನೆ ಎಂದಳು.

ಹಬ್ಬದ ಮಧ್ಯಾಹ್ನ ಮೊದಲು ಬಂದದ್ದು ಮಸಾಲೆ ಕೋಳಿ. ಹೊಸದಾಗಿ ಮದುವೆಯಾದ ಬೊನಾರನ ಮಾವ, ಅತ್ತೆ ಹೆಗಲ ಮೇಲೆ ಒಳ್ಳೆಯ ಶಾಲು ಹೊದ್ದು ಎದುರಿಗೇ ಕೂತಿದ್ದರು. ಮಂಗಾತಸ್ ತಿಯಾಮ್ಸಾಳಿಗೆ ಅವರತ್ತ ಕಣ್ಸನ್ನೆ ಮಾಡಿದ.

“ಐವತ್ತು ಸಾವಿರ,” ಅಂದ ಬೊನಾರ್, ಮೆಲ್ಲಗೆ. ಕೋಳಿಯ ಬೆಲೆ, ಅಷ್ಟೇ.

“ಓ!” ಎಂದು ಜನ ತಿಯಾಮ್ಸಾಳತ್ತ ತಿರುಗಿದರು. ನಾಲಿಗೆಯ ತುದಿಗೆ ಮಾತು ಆಗಲೇ ಬಂದಿತ್ತು. ಬಿಸಿಬಿಸಿಯಾಗಿ, ಪೂರ್ತಿ ಬೆಂದು ಬಂದಿತ್ತು. ಆಡಿದ್ದರೆ ಹತ್ತು ಪಟ್ಟು ಖಂಡಿತ. ಅದನ್ನು ಆಡುವ ಆಸೆ ಇನ್ನೂ ತನಗಿದೆಯಲ್ಲ ಎಂದು ಅವಳಿಗೆ ಭಯವಾಯಿತು.

“ಆಯ್ತು, ಐವತ್ತಕ್ಕೆ ಹೋಯ್ತು! ತಗೊಂಡ್ಹೋಗಿ, ಆರೋಗತ್ತೆ.”

ಮಧ್ಯಾಹ್ನವೆಲ್ಲ ಹೀಗೇ ನಡೆಯಿತು. ಯಾವ ಬೆಂಚನ್ನೂ ಅವಳು ನೋಡಲಿಲ್ಲ. ಬಂದ ಮೊದಲ ಕೂಗಿಗೇ ಕೊಟ್ಟುಬಿಟ್ಟಳು.

“ಏನ್ ಇನಾಂಗ್, ಹಲ್ಲು ಮನೇಲೇ ಬಿಟ್ ಬಂದ್ರಾ?” ಎಂದು ಹಿಂದಿನಿಂದ ಯಾರೋ ಕೆಣಕಿದರು.

“ಹಲ್ಲಿದೆಯಪ್ಪಾ. ಕಚ್ಚೋಕ್ ಮನಸ್ಸಿಲ್ಲ.”

ಸಂಜೆ ಎಣಿಸಿದಾಗ ಗೋಪುರದ ಕಾಲು ಭಾಗಕ್ಕೂ ಸಾಲದಷ್ಟು ಬಂದಿತ್ತು. ಮಂಗಾತಸನ ಮುಖ ಕೆಂಪಾಗಿತ್ತು.

“ಏನಾಯ್ತು ನಿಮಗೆ? ಮುಂದಿನ್ ವರ್ಷ ಪಾಂಗುರುರಾನ್ ಪೇಟೆಯಿಂದ ಬೇರೆಯೋರನ್ನ ಕರೆಸ್ತೀವಿ.”

“ಕರೆಸಿ, ಅಮಾಂಗ್. ಆದ್ರೆ ಮೊದಲು ಸಭೆ ಪುಸ್ತಕದಲ್ಲಿ ಒಂದ್ ಮಾತು ಬರೆದಿಡಿ. ಹರಾಜಲ್ಲಿ ಯಾರ ಹೆಸರೂ ಹಿಡಿದು ಕೂಗಬಾರದು.”

“ಕೂಗದೆ ಯಾರು ಕೊಡ್ತಾರೆ?”

“ಕೊಡೋರು ಕೊಡ್ತಾರೆ. ಗೋಪುರ ನಿಧಾನಕ್ಕೆ ಏಳತ್ತೆ.”

ಅವನು ನಕ್ಕುಬಿಟ್ಟ. “ನೀವಾ ಇದನ್ನ ಹೇಳೋದು? ಯಾಕೆ, ಏನಾಯ್ತು ಅಂತ?”

ಸ್ವಲ್ಪ ದೂರದಲ್ಲಿ ಜಬಾಂಗುನ್ ಬೆಂಚುಗಳನ್ನು ಎತ್ತಿಡುತ್ತಿದ್ದ. ಎಲ್ಲವನ್ನೂ ಹೇಳಿಬಿಟ್ಟರೆ ಮಂಗಾತಸ್ ಒಪ್ಪಿದರೂ ಒಪ್ಪುತ್ತಿದ್ದ. ತಿಯಾಮ್ಸಾ ಬಾಯಿ ತೆರೆದಳು, ಮತ್ತೆ ಮುಚ್ಚಿದಳು.

“ವಯಸ್ಸಾಯ್ತು, ಅಷ್ಟೇ,” ಅಂದಳು. “ಬರೀರಿ.”

ಅವನು ಬರೆಯಲಿಲ್ಲ. ಮುಂದಿನ ವಾರ ಹಿರಿಯರ ಸಭೆಗೆ ಹೋಗಿ ಅವಳು ಅದೇ ಮಾತು ಹೇಳಿದಳು. ಮುದುಕಿಗೆ ಅರಳುಮರಳು ಅಂದರು. ಕಾರಣ ಕೇಳಿದರು, ಹೇಳಲಿಲ್ಲ. ಅದರ ಮುಂದಿನ ವಾರವೂ ಹೋದಳು.