ನೆರವಿನ ವಿರುದ್ಧ ನನ್ನ ವರದಿ

ನೆರವು ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂದು ಬರೆಯುವುದೇ ನನ್ನ ಕಸುಬಾಗಿತ್ತು. ಆಮದು ಸುಂಕ ತೆಗೆಯಿರಿ, ಸಬ್ಸಿಡಿ ನಿಲ್ಲಿಸಿ, ಗೆಲ್ಲುವವರು ಗೆಲ್ಲಲಿ. ನಮ್ಮ ಮುಕ್ತ ವ್ಯಾಪಾರ ಅಧ್ಯಯನ ಕೇಂದ್ರದ ಏಸಿ ರೂಮಿನಲ್ಲಿ, ತಿರುಗುವ ಕುರ್ಚಿಯ ಮೇಲೆ ಕೂತು ನೋಡಿದರೆ ಬಡವರ ಭವಿಷ್ಯ ಬಹಳ ಚೆನ್ನಾಗಿ ಕಾಣುತ್ತಿತ್ತು.

ನಾನಿದ್ದದ್ದು ಅಕ್ಕನ ಮನೆಯ ಮಹಡಿಯ ಮೇಲೆ, ಬಾಡಿಗೆಯಿಲ್ಲದೆ. ಕೆಳಗೆ ಅವಳ ಹೊಲಿಗೆ ಅಂಗಡಿ. ಸುಂಕ ಹೋದಮೇಲೆ ಹೊರಗಿನ ರೆಡಿಮೇಡ್ ಶರ್ಟುಗಳು ನುಗ್ಗಿ ಬಂದವು. ಅವಳ ಮೆಷಿನ್ನುಗಳು ಒಂದೊಂದಾಗಿ ಮುಸುಕು ಹೊದ್ದು ಕೂತವು. ಕೊನೆಗೆ ಎರಡು ಮಾತ್ರ ಓಡುತ್ತಿದ್ದವು. ಅವನ್ನೂ ಮಾರಿ ಅಂಗಡಿ ಮುಚ್ಚುವುದೋ ಹೇಗೆ ಎಂದು ಅವಳು ಊಟಕ್ಕೆ ಬಡಿಸುತ್ತಾ ಕೇಳಿದಳು.

"ಮುಚ್ಚು ಅಕ್ಕಾ. ಅಗ್ಗವಾಗಿ ಹೊಲಿಯೋರು ಹೊಲೀಲಿ. ನಿಂಗೆ ಯಾವುದು ಚೆನ್ನಾಗಿ ಬರುತ್ತೋ ಅದನ್ನ ಮಾಡು."

"ನಂಗೆ ಚೆನ್ನಾಗಿ ಬರೋದು ಶರ್ಟು ಹೊಲಿಯೋದೇ ಕಣೋ."

ಇದು ಅವೈಜ್ಞಾನಿಕ ಉತ್ತರ ಅನ್ನಿಸಿತು. ಇನ್ನೊಂದು ಸಲ ಬಡಿಸಿಕೊಂಡು ಅವಳಿಗೆ ಮತ್ತೆ ಮೊದಲಿಂದ ವಿವರಿಸಿದೆ.

ನಮ್ಮ ಕೇಂದ್ರ ನಡೆಯುತ್ತಿದ್ದದ್ದು ವಿದೇಶಿ ಪ್ರತಿಷ್ಠಾನವೊಂದರ ನೆರವಿನಿಂದ. ಗೊತ್ತಿರಲಿಲ್ಲ ಎಂದಲ್ಲ, ನಮ್ಮದನ್ನು ನಾವು ಯಾರೂ ನೆರವು ಎಂದು ಕರೆಯುತ್ತಿರಲಿಲ್ಲ. ಸಹಯೋಗ ಎನ್ನುತ್ತಿದ್ದೆವು. ಅಲ್ಲಿಂದ ಮೇಡಂ ಒಬ್ಬರು ನೋಡಲು ಬಂದಾಗ ನಿರ್ದೇಶಕರು ಬೆನ್ನು ತಟ್ಟಿ, "ನಿನ್ನ ವರದಿ ಹೇಳಿ ಜಮಾಯಿಸಿಬಿಡು" ಎಂದರು. ಜಮಾಯಿಸಿದೆ. ನೆರವು ನಿಲ್ಲಿಸುವುದೇ ಎಲ್ಲಕ್ಕಿಂತ ದೊಡ್ಡ ನೆರವು ಎಂದಾಗ ಮೇಡಂ ಕಣ್ಣು ತೇವ ಮಾಡಿಕೊಂಡರು.

"ಇದು ಎಲ್ಲರಿಗೂ ಅನ್ವಯಿಸುತ್ತಾ?" ಎಂದು ಕೇಳಿದರು.

ಚಪ್ಪಾಳೆಯ ಅಮಲಿನಲ್ಲಿದ್ದೆ. "ಯಾರಿಗೂ ವಿನಾಯಿತಿ ಇಲ್ಲ ಮೇಡಂ" ಎಂದೆ. ನಿರ್ದೇಶಕರು ಕೆಮ್ಮಿದರು. ಗಂಟಲು ಒಣಗಿರಬೇಕೆಂದು ನೀರಿನ ಬಾಟಲಿ ಮುಂದೆ ಸರಿಸಿದೆ.

ಆ ತಿಂಗಳೇ ನಮ್ಮ ಕೇಂದ್ರದ ನೆರವು ನಿಂತಿತು, ಜೊತೆಗೆ ನನ್ನ ಸಂಬಳವೂ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ. ನಿರ್ದೇಶಕರ ಕಾಲೂ ಅದರಡಿ ಸಿಕ್ಕಿಕೊಂಡಿತ್ತು. ಮೇಡಂಗೆ ಫೋನು ಮಾಡಿ ಗೋಗರೆದೆ. ನಮ್ಮದಿನ್ನೂ ಎಳೆಯ ಸಂಸ್ಥೆ, ಬೇರು ಬಿಡುವವರೆಗಾದರೂ ಆಸರೆ ಬೇಕು ಎಂದೆ.

"ಆ ವಾದಕ್ಕೆ ನಿಮ್ಮ ವರದಿಯ ನಾಲ್ಕನೇ ಅಧ್ಯಾಯದಲ್ಲೇ ಉತ್ತರ ಇದೆಯಲ್ಲ. ಎಷ್ಟು ಚೆನ್ನಾಗಿ ಬರೆದಿದ್ದೀರಿ!" ಎಂದರು. ಪುಣ್ಯಾತ್ಗಿತ್ತಿ ವ್ಯಂಗ್ಯವಾಡುತ್ತಿರಲಿಲ್ಲ, ನಿಜವಾಗಿ ಮೆಚ್ಚಿಕೊಂಡಿದ್ದರು.

ಆಗಾಗ ಬರೆಯುತ್ತಿದ್ದ ಅಂಕಣವನ್ನಾದರೂ ಹೆಚ್ಚಿಗೆ ಬರೆಯೋಣವೆಂದು ಪತ್ರಿಕೆಯ ಕಚೇರಿಗೆ ಹೋದೆ. "ಹೊರದೇಶದ ಅಂಕಣಗಳು ಅನುವಾದವಾಗಿ ಅಗ್ಗಕ್ಕೆ ಬರ್ತಿವೆ ಸಾರ್. ಕ್ವಾಲಿಟೀನೂ ಚೆನ್ನಾಗಿದೆ" ಎಂದರು ಸಂಪಾದಕರು. ಜೀವಮಾನದಲ್ಲಿ ಮೊದಲ ಸಲ ನನಗೆ ದೇಶಾಭಿಮಾನ ಉಕ್ಕಿ ಬಂತು.

ಇಂಗು ತಿಂದ ಮಂಗನ ಮುಖ ಹೊತ್ತು ಅಕ್ಕನ ಅಂಗಡಿಗೆ ಬಂದು ಎಲ್ಲವನ್ನೂ ಹೇಳಿದೆ. ಅವಳು ನಕ್ಕಳು, ನಕ್ಕು ನಕ್ಕು ಮೆಷಿನ್ನಿನ ಮೇಲೆ ತಲೆಯಿಟ್ಟಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಊಟ ಮಾಡಿದ್ಯಾ?" ಎಂದಳು.

ನಾನು ಇಲ್ಲವೆಂದು ತಲೆಯಾಡಿಸುವಷ್ಟರಲ್ಲಿ ಅವಳ ಕಣ್ಣು ನನ್ನ ಶರ್ಟಿನ ಜೋತಾಡುತ್ತಿದ್ದ ಗುಂಡಿಯ ಮೇಲೆ ಬಿತ್ತು. ಸೂಜಿಗೆ ದಾರ ಪೋಣಿಸಿಕೊಂಡು ಬಂದಳು. ಹೊಲಿಯುವಾಗ ಕಾಲರಿನ ಒಳಗಿನ ಚೀಟಿ ಕಂಡಿತು. ಪರದೇಶದ್ದು. ಅವಳ ಅಂಗಡಿಯ ನೆತ್ತಿಯ ಮೇಲೇ ವಾಸವಿದ್ದು, ಸುಂಕ ಹೋದಾಗಿನಿಂದ ನಾನು ತೊಟ್ಟದ್ದೆಲ್ಲ ಇಂಥವೇ. ಅವಳು ಗುಂಡಿ ಬಿಗಿಮಾಡಿ, ದಾರವನ್ನು ಹಲ್ಲಿನಿಂದ ಕಡಿದಳು. ನಾಚಿಕೆಯಿಂದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅಕ್ಕಾ, ಮೆಷಿನ್ ಮಾರಬೇಡ. ನಾನೂ ಕೆಳಗೇ ಕೂತ್ಕೋತೀನಿ, ಗುಂಡಿ ಹಾಕೋದು ಕಲಿಸು. ಮತ್ತೆ... ನಂಗೊಂದು ಶರ್ಟು ಹೊಲಿದುಕೊಡು."

"ರೆಡಿಮೇಡ್ ಅಂಗಡೀಲಿ ಇದಕ್ಕಿಂತ ಅಗ್ಗಕ್ಕೆ ಸಿಗುತ್ತಲ್ಲೋ?"

ಇಷ್ಟು ವರ್ಷ ನಾನು ಬರೆದದ್ದೆಲ್ಲ ಆ ಒಂದು ಮಾತನ್ನೇ.

ಅಕ್ಕ ಕೊರಳಿಂದ ಟೇಪು ತೆಗೆದು ನನ್ನ ಹಿಂದೆ ಬಂದಳು. ಭುಜಕ್ಕೆ ಟೇಪು ಹಿಡಿದು, ಬೆನ್ನಿಗೊಂದು ಗುದ್ದಿ ಹೇಳಿದಳು:

"ಗೂನು ಹಾಕ್ಬೇಡ. ನೆಟ್ಟಗೆ ನಿಂತ್ಕೋ."