ಪುಚ್ಚಣ್ಣನ ಗಂಟು

ನನ್ನ ಕೈ ಸ್ವಲ್ಪ ಬೇಗ ಏಳುತ್ತದೆ, ಒಪ್ಪಿಕೊಳ್ಳುತ್ತೇನೆ. ಮೂವತ್ತು ವರ್ಷ ದಹಿಸರಿನಲ್ಲಿ ಹೋಟೆಲು ನಡೆಸಿದವನಿಗೆ ಬರೀ ಬಾಯಿ ಸಾಲುವುದಿಲ್ಲ ಎಂದು ವಾದಿಸುತ್ತಿದ್ದವನು ನಾನು. ಸೀತಾರಾಮನಿಗೆ ಹೊಡೆದ ಮೇಲೂ ಕೆಲವು ದಿನ ಅದೇ ವಾದ.

ಸೀತಾರಾಮ ಹತ್ತೊಂಬತ್ತು ವರ್ಷದಿಂದ ನಮ್ಮಲ್ಲಿ ಹಿಟ್ಟು ರುಬ್ಬುತ್ತಿದ್ದ. ಅವನ ಇಡ್ಲಿಗೆ ಬೊರಿವಲಿಯಿಂದ ಜನ ಬರುತ್ತಿದ್ದರು. ಗೋದಾಮಿನ ಇಲಿ ಕಾಟಕ್ಕೆ ಬೆಕ್ಕು ಸಾಕಿದವನೂ ಅವನೇ. ತುಳುವಿನಲ್ಲಿ ಪುಚ್ಚೆ ಎಂದರೆ ಬೆಕ್ಕು. ಗಂಡಾದ್ದರಿಂದ ಪುಚ್ಚಣ್ಣ ಎಂದು ಕರೆದ. ಮರಿಯಿದ್ದಾಗಲೇ ಪ್ರಾಣಿದಯೆಯವರು ಅದರ ಬೀಜ ತೆಗೆಸಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ ತಂದು ಬಿಟ್ಟಿದ್ದರು. ಒಂಬತ್ತು ವರ್ಷ ಅದು ಯಾರ ತಂಟೆಗೂ ಹೋದದ್ದಿಲ್ಲ.

ಬೆಳಿಗ್ಗೆ ಮುಚ್ಚಳ ತೆಗೆದು ಹಿಟ್ಟು ಮೂಸುವುದು ನನ್ನ ಪದ್ಧತಿ. ಹುಳಿ ಎಷ್ಟು ಬಂದಿದೆ ಎಂದು ಮೂಗೇ ಹೇಳುತ್ತದೆ. ಆ ದಿನ ಮೂಗಿಗೆ ಹೊಡೆದದ್ದು ಗಂಡುಬೆಕ್ಕಿನ ಉಚ್ಚೆಯ ನಾತ. ಗೋಡೆ, ಅಕ್ಕಿ ಚೀಲ, ಹಿಟ್ಟಿನ ಪಾತ್ರೆ, ಎಲ್ಲದರ ಮೇಲೂ. ನಲವತ್ತು ಲೀಟರು ಹಿಟ್ಟು ಗಟಾರದ ಪಾಲಾಯಿತು.

"ಯಾವ ಬೆಕ್ಕನ್ನು ಒಳಗೆ ಬಿಟ್ಟದ್ದು?" ಎಂದು ಕೂಗಿದೆ.

"ಯಾವುದನ್ನೂ ಬಿಡ್ಲಿಲ್ಲ ಅಣ್ಣ," ಎಂದ ಸೀತಾರಾಮ. "ಬಾಗಿಲು ಹಾಕಿದ್ದು ನಾನೇ. ಒಳಗೆ ಇದ್ದದ್ದು ಪುಚ್ಚಣ್ಣ ಒಂದೇ."

"ಕಿವಿ ಕತ್ತರಿಸಿದ ಬೆಕ್ಕು ಹೀಗೆ ಉಚ್ಚೆ ಹಾರಿಸ್ತದಾ? ಯಾರಿಗೆ ಟೋಪಿ ಹಾಕ್ತೀಯಾ?"

ಕಿವಿ ಕತ್ತರಿಸಿದ್ದರೆ ಬೀಜವಿಲ್ಲ, ಬೀಜವಿಲ್ಲದಿದ್ದರೆ ಆ ನಾತವಿಲ್ಲ. ಬೀದಿಬೆಕ್ಕು ಸಾಕಿದ ಯಾವ ಹೋಟೆಲಿನವನೂ ಹಾಗೆಯೇ ಯೋಚಿಸುತ್ತಾನೆ. ಅಂದಮೇಲೆ ಇವನು ಸುಳ್ಳು ಹೇಳುತ್ತಿದ್ದಾನೆ. ಕೈಯಲ್ಲಿ ಕಬ್ಬಿಣದ ಸಟ್ಟುಗವಿತ್ತು. ಬೀಸಿದೆ. ತುಟಿ ಹರಿಯಿತು, ಮುಂದಿನ ಎರಡು ಹಲ್ಲು ಹೋದವು. ಬಿದ್ದವನಿಗೆ ಒದ್ದೆ ಕೂಡ. ಅವನು ಎದ್ದು, ರಕ್ತ ಉಗಿದು, ಬ್ಯಾಗು ತೆಗೆದುಕೊಂಡು ಹೋಗಿಬಿಟ್ಟ. ಮಾಟುಂಗದ ಒಂದು ಹೋಟೆಲಿಗೆ ಸೇರಿದನೆಂದು ಸುದ್ದಿ ಬಂತು.

ಅವನು ಹೋದ ಮೇಲೆ ಇಡ್ಲಿ ಕಲ್ಲಾಯಿತು. ನನ್ನ ಹೆಂಡತಿ ವಿನೋದಿನಿಯದು ದಿನವೂ ಒಂದೇ ರಾಗ: "ಹೋಗಿ ಕರ್ಕೊಂಡು ಬನ್ನಿ, ಮಾರಾಯ್ರೆ. ಅವ ಇಲ್ಲದೆ ಈ ಹೋಟೆಲ್ ನಡೀಲಿಕ್ಕುಂಟಾ?"

"ಅವನೇ ಬಂದು ಕಾಲು ಹಿಡೀಲಿ," ಎಂದೆ. ನಿಜ ಹೇಳಬೇಕೆಂದರೆ, ಅವನಿಲ್ಲದ ಅಡುಗೆಮನೆಗೆ ಕಾಲಿಡಲು ನನಗೇ ಮನಸ್ಸಾಗುತ್ತಿರಲಿಲ್ಲ.

ಹತ್ತನೇ ದಿನ ನಾನು ಚೀಲ ಎತ್ತಲು ಬಗ್ಗಿದಾಗ ಪುಚ್ಚಣ್ಣ ಅಟ್ಟದಿಂದ ನನ್ನ ಕುತ್ತಿಗೆಗೆ ಹಾರಿತು. ಕಿತ್ತು ಎಸೆದರೆ ಮುಂಗೈಗೆ ಹಲ್ಲು ನೆಟ್ಟಿತು. ಗೋಡೆಗೆ ಅಪ್ಪಳಿಸಿದೆ, ಮತ್ತೆ ಹಾರಿತು. ಗೋಣಿ ಮುಚ್ಚಿ ಕಾಲಿನಿಂದ ಅಮುಕಿ, ರುಬ್ಬುವ ಗುಂಡು ಎತ್ತಿದೆ. ವಿನೋದಿನಿ ಓಡಿ ಬಂದು ಗೋಣಿಯ ಮೇಲೆಯೇ ಬಿದ್ದಳು.

"ನನ್ನನ್ನೂ ಸೇರಿಸಿ ಜಜ್ಜಿ! ಮೊನ್ನೆ ಅವ, ಇವತ್ತು ಇದು, ನಾಳೆ ನಾನಾ?"

ಗೋಣಿಯೊಳಗಿಂದ ಅದೇ ನಾತ ಗಪ್ಪೆಂದು ಬಂತು. ನನ್ನ ಮೂಗು ತಪ್ಪುವುದಿಲ್ಲ. ಗುಂಡು ಕೆಳಗಿಟ್ಟೆ.

ಮಲಾಡಿನ ಪ್ರಾಣಿಗಳ ಡಾಕ್ಟರ್ ಹರಿಣಿ ಬೆಕ್ಕಿಗೆ ಮಂಪರು ಬರಿಸಿ ಮಗುಚಿ ನೋಡಿದರು. "ಬೀಜ ಇಲ್ಲ ಸರ್. ಆದ್ರೆ ಇಲ್ಲಿ ನೋಡಿ." ಅದರ ಲಿಂಗದ ಸುತ್ತ ಸಣ್ಣ ಸಣ್ಣ ಮುಳ್ಳುಗಳಿದ್ದವು. "ಬೀಜ ತೆಗೆದ ಮೇಲೆ ಇವು ಇರಬಾರ್ದು. ಗಂಡು ಹಾರ್ಮೋನ್ ಬೇರೆ ಎಲ್ಲಿಂದಲೋ ಬರ್ತಾ ಇದೆ."

ರಕ್ತ ಪರೀಕ್ಷೆಯಲ್ಲೂ ಅದೇ ಕಂಡಿತು. ಹೊಟ್ಟೆಯ ಸ್ಕ್ಯಾನಿನಲ್ಲಿ ಎಡ ಮೂತ್ರಪಿಂಡದ ಪಕ್ಕದ ಅಡ್ರಿನಲ್ ಗ್ರಂಥಿಯಲ್ಲಿ ಹುಣಸೆ ಬೀಜದಷ್ಟು ಗಂಟು. "ಬೆಕ್ಕುಗಳಲ್ಲಿ ಇದು ತುಂಬಾ ಅಪರೂಪ," ಎಂದರು. "ಕಚ್ಚೋದು, ಉಚ್ಚೆ ಹಾರಿಸೋದು, ಎಲ್ಲ ಈ ಗಂಟಿಂದಾನೇ. ಯಾವಾಗಿಂದ ಹಾರಿಸ್ತಾ ಇದೆ?"

ಸೀತಾರಾಮ ಹೇಳಿದ್ದು ನಿಜವಾಗಿತ್ತು. ಅಯ್ಯೋ, ನಾನು ಎಂಥ ಪಾಪಿ!

ಗಂಟು ಎದೆಗೆ ಹರಡಿಲ್ಲವೆಂದು ಎಕ್ಸ್‌ರೇ ತೆಗೆದು ಖಚಿತ ಮಾಡಿಕೊಂಡರು. ಪಕ್ಕದಲ್ಲೇ ದೊಡ್ಡ ರಕ್ತನಾಳವಿದೆ, ಅದು ಹರಿದರೆ ಟೇಬಲ್ಲಿನ ಮೇಲೇ ಜೀವ ಹೋಗಬಹುದು ಎಂದು ಮೊದಲೇ ಎಚ್ಚರಿಸಿದರು. ಎರಡು ಗಂಟೆ ಕೊಯ್ದರು. ಪುಚ್ಚಣ್ಣ ಬದುಕಿತು. ಕೆಲವು ವಾರಗಳಲ್ಲಿ ನಾತವೂ ಹೋಯಿತು, ಮುಳ್ಳೂ ಹೋಯಿತು. ಅದು ಮತ್ತೆ ಸಾಧುವಾಗಿ ನನ್ನ ಕಾಲ ಬಳಿಯೇ ಮಲಗತೊಡಗಿತು.

ಲೋಕಲ್ ಹತ್ತಿ, ದಾದರಿನಲ್ಲಿ ಬದಲಿಸಿ ಮಾಟುಂಗಕ್ಕೆ ಹೋದೆ. ಸೀತಾರಾಮ ಅಲ್ಲಿಯ ಅಡುಗೆಮನೆಯಲ್ಲಿ ಏಳೆಂಟು ಕೆಲಸದವರ ನಡುವೆ ಉದ್ದು ತೊಳೆಯುತ್ತಿದ್ದ. ಎಲ್ಲವನ್ನೂ ಹೇಳಿದೆ. "ತಪ್ಪಾಯ್ತು ಮಾರಾಯ. ಹಲ್ಲು ಕಟ್ಟಿಸಿಕೊಡ್ತೇನೆ. ಮನೆಗೆ ಬಾ."

"ಆಪರೇಷನ್ ಆದ ಮೇಲೆ ಯಾರಿಗಾದ್ರೂ ಕಚ್ಚಿತಾ?" ಎಂದು ಕೇಳಿದ. ಹಲ್ಲಿಲ್ಲದ್ದಕ್ಕೆ ಮಾತಿನ ನಡುವೆ ಗಾಳಿ ನುಗ್ಗುತ್ತಿತ್ತು.

"ಇಲ್ಲ. ಒಂದು ಸಲವೂ ಇಲ್ಲ."

"ಅದಕ್ಕೆ ಗಂಟು ಇತ್ತು ಅಣ್ಣ. ತೆಗೆದ್ರು, ಮುಗೀತು. ನಿಮಗೆ ಎಂತ ಉಂಟು? ಅದನ್ನು ಹೇಳಿ, ಈಗಲೇ ಹೊರಡ್ತೇನೆ."

ಅಷ್ಟು ಜನರ ಎದುರು! ನೆತ್ತಿಗೆ ರಕ್ತ ಏರಿತು. ದೇವರಾಣೆ, ನಾನು ಎತ್ತಲಿಲ್ಲ, ಕೈ ತಾನೇ ಎದ್ದಿತು.

ಸೀತಾರಾಮ ಹಿಂದೆ ಸರಿಯಲಿಲ್ಲ, ಕೈ ಅಡ್ಡ ಹಿಡಿಯಲೂ ಇಲ್ಲ. ಕಣ್ಣು ಮುಚ್ಚಿ, ಏಟು ಬೀಳಲೆಂದು ಸುಮ್ಮನೆ ಕಾಯುತ್ತ ನಿಂತ. ಹತ್ತೊಂಬತ್ತು ವರ್ಷ ಅವನು ಹಾಗೆಯೇ ನಿಂತಿದ್ದ. ನಾನು ನೋಡಿದ್ದು ಅವತ್ತೇ ಮೊದಲು.